ಕಡಿಮೆ ಬಂದದ್ದೇ ಒಳ್ಳೆಯ ಮಾಲು

ಬುಧವಾರ ರಾತ್ರಿ ಒಂದೂವರೆ ಗಂಟೆಗೆ ಪ್ರತಿಮಾಳಿಗೆ ಎಚ್ಚರವಾದದ್ದು ಒಂದು ಸಣ್ಣ ಸದ್ದಿಗೆ. ಬೆಕ್ಕಲ್ಲ, ಹಲ್ಲಿಯಲ್ಲ, ನಲ್ಲಿಯಲ್ಲ. ಆ ಮೂರರ ಸದ್ದನ್ನು ಅವಳು ನಿದ್ದೆಯಲ್ಲೇ ಗುರುತಿಸಿ ನಿದ್ದೆಯಲ್ಲೇ ಕ್ಷಮಿಸಿಬಿಡುತ್ತಿದ್ದಳು. ಇದು ಬೇರೆ. ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ ಗುಂಯ್ ಎಂದು ಶುರುವಾಗಿ, ಏರಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೆ ಇಳಿಯುತ್ತಿತ್ತು. ಮಗ್ಗುಲಿಗೆ ಕೈ ಹಾಕಿ ನೋಡಿದಳು. ಹಾಸಿಗೆ ತಣ್ಣಗಿತ್ತು. ಗಂಡ ಇರಲಿಲ್ಲ.

ಐವತ್ತರ ಹತ್ತಿರದ ಗಂಡಸು ನಡುರಾತ್ರಿ ಹಾಸಿಗೆ ಬಿಟ್ಟು ಎದ್ದುಹೋದರೆ ಸಂಸಾರಸ್ಥ ಹೆಂಗಸಿಗೆ ತೋಚುವ ಕಾರಣಗಳು ನಾಲ್ಕು: ಸಕ್ಕರೆ ಕಾಯಿಲೆ, ಎದೆನೋವು, ಆನ್‌ಲೈನ್ ರಮ್ಮಿ, ಮತ್ತು ಬಾಯಿಬಿಟ್ಟು ಹೇಳಬಾರದ್ದು. ಪ್ರತಿಮಾ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಯೋಚಿಸಿ, ಗೋಡೆ ಹಿಡಿದುಕೊಂಡು ನಡುಮನೆಯ ಬಾಗಿಲಿಗೆ ಬಂದಳು.

ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪುಗಳು. ಸದ್ದು ಅವುಗಳಲ್ಲೊಂದರ ಫ್ಯಾನಿನದು. ಆ ಬೆಳಕಿನಲ್ಲಿ ಅವಳ ಗಂಡ ನಟರಾಜು ಬನಿಯನ್, ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತಿದ್ದ. ಅವಳು ನೋಡುತ್ತಿದ್ದಂತೆಯೇ ಒಂದು ಲ್ಯಾಪ್‌ಟಾಪನ್ನು ಮಡಚಿ, ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ಅಲ್ಲಾಡಿಸಿದ.

"ಏನ್ರೀ ಅದು?"

ನಟರಾಜು ಬೆಚ್ಚಲಿಲ್ಲ. "ಒಳಗಿನ ಹುಳ ಗಟ್ಟಿಯಾಗೈತಾ ಅಂತ ನೋಡ್ತಿದ್ದೀನಿ. ನೀನ್ ಮಲಕ್ಕೋ ಹೋಗು."

ಇದನ್ನು ಕೇಳಿ ಪ್ರತಿಮಾಳಿಗೆ ಸಮಾಧಾನವಾಗಲಿಲ್ಲ. ಆದರೆ ಮೊದಲಿನ ನಾಲ್ಕು ಅನುಮಾನಗಳು ಹೋಗಿ, ಅವುಗಳ ಜಾಗದಲ್ಲಿ ಐದನೆಯದೊಂದು ಬಂದು ಕೂತಿತು.

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನಟರಾಜುವನ್ನು ಅರಿಯದವರಿಲ್ಲ. ಸಾತನೂರಿನಿಂದ ಬಂದು, ಇಪ್ಪತ್ತು ವರ್ಷದಿಂದ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚಿಸುತ್ತಿದ್ದ ರೀಲರ್. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಸರಿಯಿದೆಯೋ ಸತ್ತಿದೆಯೋ ಹೇಳಿಬಿಡುತ್ತಿದ್ದ. ಆ ಕಿವಿಗೆ ಮಾರ್ಕೆಟ್ಟಿನಲ್ಲಿ ಮರ್ಯಾದೆಯಿತ್ತು. ಕಿವಿಯ ಮರ್ಯಾದೆ ಕ್ರಮೇಣ ತಲೆಗೂ ಹಬ್ಬಿ, ತನಗೆ ಯಾರೂ ಯಾವ ಮಾಲಿನಲ್ಲೂ ಮೋಸ ಮಾಡಲಾರರು ಎಂದು ನಟರಾಜು ನಂಬಿದ್ದ. ಹಾಗೆಯೇ ಎಲ್ಲರೂ ಅದಕ್ಕೆ ಪ್ರಯತ್ನಿಸುತ್ತಲೇ ಇದ್ದಾರೆ ಎಂದೂ ನಂಬಿದ್ದ. ತರಕಾರಿಯವನು, ಗ್ಯಾಸಿನವನು, ಕನ್ನಡಕದ ಡಾಕ್ಟರು, ಯಾರೂ ಇದಕ್ಕೆ ಹೊರತಲ್ಲ.

ಲ್ಯಾಪ್‌ಟಾಪು ಬೇಕಾಗಿದ್ದದ್ದು ಮಗಳು ಸಿರಿಗೆ. ಅವಳು ಪಿಯುಸಿ ಮುಗಿಸಿ, ಚನ್ನಪಟ್ಟಣದ ಆಟಿಕೆ ಕಾರ್ಖಾನೆಯೊಂದರಲ್ಲಿ ಎರಡು ತಿಂಗಳು ಕೂತು ಕಲಿತು, ಎಳೆದರೆ ತೆವಳುವ ಮರದ ರೇಷ್ಮೆಹುಳು ಒಂದನ್ನು ಕಲ್ಪಿಸಿದ್ದಳು. ಆಟಿಕೆ ವಿನ್ಯಾಸದ ಕೋರ್ಸಿಗೆ ಸೀಟು ಸಿಗಬೇಕಾದರೆ ಆ ಹುಳು ತೆವಳುವ ನಲವತ್ತು ಸೆಕೆಂಡಿನ ಚಿತ್ರವನ್ನು ಭಾನುವಾರ ಸಂಜೆ ಆರರೊಳಗೆ ಕಳಿಸಬೇಕಿತ್ತು. ನಲವತ್ತು ಸೆಕೆಂಡೆಂದರೆ ಸಾವಿರ ಬಿಡಿ ಚಿತ್ರ. ಒಂದೊಂದನ್ನೂ ಕಂಪ್ಯೂಟರು ಕೂತು ಲೆಕ್ಕ ಹಾಕಿ ಬಿಡಿಸಬೇಕು. ಸಿರಿ ಅಲ್ಲಿಯವರೆಗಿನ ಕೆಲಸವನ್ನು ಗೆಳತಿಯ ಕಂಪ್ಯೂಟರಿನಲ್ಲಿ ಮಾಡಿದ್ದಳು. ಗೆಳತಿ ಕಂಪ್ಯೂಟರಿನ ಸಮೇತ ಮೈಸೂರಿಗೆ ಹೋಗಿಬಿಟ್ಟಿದ್ದಳು. ಉಳಿದದ್ದು ಒಂದು ಪೆನ್‌ಡ್ರೈವು ಮತ್ತು ನಾಲ್ಕು ದಿನ.

ಎದುರು ಮನೆಯ ಗಫಾರ್ ಸಾಬರೂ ರೀಲರ್, ಹಿರಿಯರು. ಅವರ ತಂಗಿಯ ಮಗ ಸಾದಿಕ್ ಬಸ್‌ಸ್ಟ್ಯಾಂಡಿನ ಹತ್ತಿರ ಲ್ಯಾಪ್‌ಟಾಪ್ ಅಂಗಡಿ ಇಟ್ಟಿದ್ದ. ಹೊಸದೂ ಇತ್ತು, ಯಾರೋ ಬಳಸಿ ಬಿಟ್ಟದ್ದೂ ಇತ್ತು. ನಟರಾಜು ಹೋಗಿ ಎರಡನ್ನು ಆರಿಸಿ, "ಮನೇಲಿ ಪರೀಕ್ಷೆ ಮಾಡ್ಬುಟ್ಟು ಒಂದ್ ಇಟ್ಕತೀನಿ, ಇನ್ನೊಂದನ್ನ ಶನಿವಾರ ವಾಪಸ್ ತತ್ತೀನಿ" ಎಂದು ಎರಡನ್ನೂ ಹೊತ್ತು ತಂದಿದ್ದ. ಮಾವನ ಮುಖ ನೋಡಿ ಸಾದಿಕ್ ಒಪ್ಪಿದ್ದ. ಎರಡೂ ಕಪ್ಪು, ಎರಡೂ ಒಂದೇ ಅಳತೆ. ಒಂದು ಹೊಸದು, ಬೆಲೆ ಜಾಸ್ತಿ. ಇನ್ನೊಂದು ಬಳಸಿದ್ದು, ಹೆಚ್ಚುಕಡಿಮೆ ಅರ್ಧ ಬೆಲೆ.

ಬುಧವಾರ ಸಂಜೆ ಸಿರಿ ಇಂಟರ್‌ನೆಟ್ಟಿನಿಂದ ಒಂದು ಪರೀಕ್ಷೆಯ ಪ್ರೋಗ್ರಾಮ್ ಇಳಿಸಿ ಕೊಟ್ಟಿದ್ದಳು. ಅದು ಲ್ಯಾಪ್‌ಟಾಪಿನ ಪ್ರೊಸೆಸರಿಗೆ, ಅಂದರೆ ಅದರ ಮಿದುಳಿಗೆ, ಒಂದಷ್ಟು ಕಷ್ಟದ ಲೆಕ್ಕ ಕೊಟ್ಟು ಕೊನೆಗೆ ಒಂದು ಅಂಕಿ ಹೇಳುತ್ತಿತ್ತು. ನಟರಾಜು ರಾತ್ರಿಯೆಲ್ಲ ಕೂತು ಒಂದೊಂದಕ್ಕೂ ಐದೈದು ಸಲ ಪರೀಕ್ಷೆ ಮಾಡಿದ. ಗುರುವಾರ ಬೆಳಗ್ಗೆ ಕಾಫಿ ಹೊತ್ತಿಗೆ ತೀರ್ಪು ತಯಾರಾಗಿತ್ತು.

"ಹೊಸದಕ್ಕೆ ಎಂಟು ಸಾವಿರದ ಏಳುನೂರ ನಲವತ್ತು. ಹಳೇದಕ್ಕೆ ಸಾವಿರದ ಇನ್ನೂರ ನಲವತ್ತು" ಎಂದ. "ಹೆಂಗೆ ಮೋಸ ನೋಡು! ಕಳಪೆ ಮಾಲಿಗೆ ಡಬಲ್ ರೇಟು ಹಾಕವ್ನೆ."

ಈ ಮಾತು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ರೀಲರುಗಳ ಒಂದು ಲೆಕ್ಕ ಗೊತ್ತಿರಬೇಕು. ಒಂದು ಕೆಜಿ ನೂಲು ತೆಗೆಯಲು ಎಷ್ಟು ಕೆಜಿ ಗೂಡು ಬೇಕಾಯಿತು ಎನ್ನುವುದನ್ನು ಅವರು ರೆಂಡಿಟ್ಟಾ ಎನ್ನುತ್ತಾರೆ. ಆರೂವರೆ ಬಂದರೆ ಹಬ್ಬ, ಒಂಬತ್ತು ಬಂದರೆ ತಿಥಿ. ಅಂಕಿ ಕಡಿಮೆ ಬಂದಷ್ಟೂ ಮಾಲು ಒಳ್ಳೆಯದು. ಇಪ್ಪತ್ತು ವರ್ಷ ಈ ಒಂದು ಸತ್ಯದ ಮೇಲೆ ಸಂಸಾರ ನಡೆಸಿದವನಿಗೆ ಜಗತ್ತಿನ ಅಂಕಿಗಳೆಲ್ಲ ಇದೇ ಜಾತಿಯವು.

"ಅಪ್ಪ, ಇದ್ರಲ್ಲಿ ದೊಡ್ಡ ನಂಬರೇ ಒಳ್ಳೇದು" ಎಂದಳು ಸಿರಿ.

"ಯಾರ್ ಹೇಳಿದ್ದು?"

"ಎಲ್ಲಾರೂ ಹೇಳ್ತಾರೆ. ನೆಟ್‌ನಲ್ಲೂ ಇದೆ."

"ನೆಟ್‌ನಲ್ಲಿ ಬರೆದೋನ್ ಯಾರು?"

"ಲ್ಯಾಪ್‌ಟಾಪ್ ಬಗ್ಗೆ ಗೊತ್ತಿರೋರು."

"ಗೊತ್ತಿರೋರು ಅಂದ್ರೆ ಮಾರೋರು. ಮಾರೋನ ಬಾಯಲ್ಲಿ ಮಾಲಿನ ಗುಣ ಕೇಳ್ಬಾರ್ದು ಮಗ. ನೀನೇ ಯೋಚ್ನೆ ಮಾಡು. ಬಿಪಿ ಜಾಸ್ತಿ ಬಂದ್ರೆ ಒಳ್ಳೇದಾ? ಶುಗರ್ರು? ಕರೆಂಟ್ ಬಿಲ್ಲು? ಜ್ವರ? ಯಾವ್ದ್ರಲ್ಲಿ ಜಾಸ್ತಿ ಬಂದು ಒಳ್ಳೇದಾಗೈತೆ ಹೇಳು."

"ಮಾರ್ಕ್ಸು" ಎಂದಳು ಸಿರಿ.

"ನಿಂದೆಷ್ಟು ಬಂದಿತ್ತು ಗಣಿತದಲ್ಲಿ?"

ಸಿರಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಪ್ರತಿಮಾಳಿಗೆ ಯಾರು ಸರಿ ಎಂದು ಗೊತ್ತಾಗಲಿಲ್ಲ. ಅವಳು ಬಿ.ಎ. ಓದಿದವಳು, ಇತಿಹಾಸ, ಲ್ಯಾಪ್‌ಟಾಪು ಆ ಪಠ್ಯದಲ್ಲಿರಲಿಲ್ಲ. ಆದರೆ ಗಂಡ ಇಷ್ಟು ಖಚಿತವಾಗಿ ಮಾತಾಡುವಾಗಲೆಲ್ಲ ಅವಳಿಗೆ ಭಯವಾಗುತ್ತಿತ್ತು. ಅವನು ಗೂಡಿನ ವಿಷಯದಲ್ಲಿ ಎಂದೂ ಇಷ್ಟು ಖಚಿತವಾಗಿ ಮಾತಾಡಿದವನಲ್ಲ.

ನಟರಾಜು ಅಷ್ಟಕ್ಕೇ ಬಿಟ್ಟಿದ್ದರೆ ಮನೆಯ ಮಾತು ಮನೆಯಲ್ಲಿ ಉಳಿಯುತ್ತಿತ್ತು. ಅವನು ಮಾರ್ಕೆಟ್ಟಿನ ಮುಂದಿನ ಟೀ ಅಂಗಡಿಯಲ್ಲಿ ಹೇಳಿದ. ಗಫಾರ್ ಸಾಬರು ಅರ್ಧ ಟೀ ಕುಡಿದು ನಿಲ್ಲಿಸಿದರು.

"ಸಾದಿಕ್ ನನ್ನ ತಂಗಿ ಮಗ, ನಟರಾಜು. ಮೋಸ ಮಾಡೋ ಬುದ್ಧಿ ಅವನಿಗಿಲ್ಲ. ಇದ್ದಿದ್ರೆ ಇಷ್ಟೊತ್ತಿಗೆ ಸ್ವಂತ ಮನೆ ಕಟ್ಟಿರ್ತಿದ್ದ."

"ಅವ್ನು ಮಾಡಿಲ್ಲ ಅಂದ್ರೆ ಅವ್ನಿಗೆ ಮಾರಿದೋನು ಮಾಡವ್ನೆ ಸಾಬ್ರೇ. ಅಂಕಿ ಸುಳ್ಳು ಹೇಳ್ತದಾ?"

ಅಂಕಿ ಸುಳ್ಳು ಹೇಳುವುದಿಲ್ಲ ಎಂದು ಅಲ್ಲಿದ್ದ ರೀಲರುಗಳೆಲ್ಲ ಒಪ್ಪಿದರು. ಎಂಟು ಸಾವಿರ ಎಲ್ಲಿ, ಸಾವಿರ ಎಲ್ಲಿ! ಶುಕ್ರವಾರ ಬೆಳಗಾಗುವುದರೊಳಗೆ ಬೀದಿಯಲ್ಲಿ ಯಾರ್ಯಾರ ಮನೆಯಲ್ಲಿ ಲ್ಯಾಪ್‌ಟಾಪು ಇತ್ತೋ ಅವರೆಲ್ಲ ಅದನ್ನು ಚೀಲದಲ್ಲಿ, ಟವಲಿನಲ್ಲಿ ಸುತ್ತಿಕೊಂಡು ನಟರಾಜುವಿನ ಜಗುಲಿಗೆ ಬಂದರು. ಪ್ರತಿಮಾ ಬಾಗಿಲ ಹಿಂದೆ ನಿಂತು ಎಣಿಸಿದಳು, ಏಳು ಜನ. ಎಲ್ಲರ ಮುಖದಲ್ಲೂ ರಕ್ತ ಪರೀಕ್ಷೆಗೆ ಬಂದವರ ಕಳೆ.

ಗಫಾರ್ ಸಾಬರ ಮಗಳು ಜುವೇರಿಯಾಳ ಲ್ಯಾಪ್‌ಟಾಪಿಗೆ ಆರು ಸಾವಿರದ ಒಂಬೈನೂರು ಬಂತು. ಅವಳು ಮುಖ ಸಪ್ಪಗೆ ಮಾಡಿಕೊಂಡು ಹೊರಟಾಗ ಪಕ್ಕದ ಮನೆಯ ವರಲಕ್ಷ್ಮಮ್ಮ ತಡೆದು ಕೇಳಿದರು: "ಎಷ್ಟಮ್ಮ ಬಂತು? ಏಳ್ ಸಾವಿರದ ಹತ್ರವಾ? ಅಯ್ಯೋ, ಇನ್ನೂ ಹೊಸದು! ಇನ್ನೊಂದ್ ಕಡೆ ಒಂದ್ಸಲ ತೋರ್ಸಮ್ಮ, ಒಬ್ರನ್ನೇ ನಂಬ್ಕೊಂಡು ಕೂರ್ಬೇಡ."

ಮಧ್ಯಾಹ್ನದ ಹೊತ್ತಿಗೆ ಸಾತನೂರಿನ ಮುನಿಯಪ್ಪ ಬಂದ. ಮಾರ್ಕೆಟ್ಟಿಗೆ ಗೂಡು ತರುವ ರೈತ, ನಟರಾಜುವಿಗೆ ದೂರದ ನೆಂಟ. ಗೂಡಿನ ಖಾಲಿ ಚೀಲದಿಂದ ಒಂದು ಲ್ಯಾಪ್‌ಟಾಪು ತೆಗೆದ. ಅದರ ಒಂದು ಕೀಲು ಮುರಿದಿತ್ತು, ಕೀಬೋರ್ಡಿನ ನಾಲ್ಕು ಗುಂಡಿ ಉದುರಿದ್ದವು.

"ಅಳಿಯಂದು ಕಣಪ್ಪ. ಹನ್ನೆರಡು ವರ್ಸ ಆಗೈತೆ. ಗುಜರಿಗೆ ಹಾಕವ ಅಂತ ತಂದಿದ್ದೆ. ನೀನು ಎಲ್ಲಾರ್ದೂ ನೋಡ್ತಿದ್ದೀಯಂತೆ, ಒಸಿ ಇದ್ನೂ ನೋಡ್ಬುಡು."

ಅದು ತೆರೆಯುವುದಕ್ಕೇ ಕಾಲು ಗಂಟೆ ಹಿಡಿಯಿತು. ಪರೀಕ್ಷೆ ಶುರುವಾದ ಮೇಲೆ ಎಲ್ಲರೂ ಮನೆಗೆ ಹೋಗಿ ಊಟ ಮಾಡಿ ಬಂದರು. ವರಲಕ್ಷ್ಮಮ್ಮ ಒಂದು ನಿದ್ದೆಯನ್ನೂ ಮುಗಿಸಿ ಬಂದರು. ಕೊನೆಗೆ ಅಂಕಿ ಬಂತು. ನಟರಾಜು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದ. ಎದ್ದು ನಿಂತ.

"ನೂರ ತೊಂಬತ್ತು!"

ಜಗುಲಿಯವರೆಲ್ಲ ಮುನಿಯಪ್ಪನ ಸುತ್ತ ಮುತ್ತಿದರು.

"ಮುನಿಯಪ್ಪಣ್ಣ" ಎಂದ ನಟರಾಜು, ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತ. "ಇಂಥಾ ಮಾಲು ಈಗ ಬರಕಿಲ್ಲ. ಹಳೇ ತಳಿ. ಯಾರ್ ಕೇಳಿದ್ರೂ ಕೊಡ್ಬೇಡ."

ಮುನಿಯಪ್ಪ ಹೆಗಲ ಮೇಲಿನ ಟವಲು ತೆಗೆದು ಲ್ಯಾಪ್‌ಟಾಪಿಗೆ ಹೊದಿಸಿದ. "ನಾನು ಆವತ್ತೇ ಅಂದೆ ಕಣಪ್ಪ, ಅಳಿಯ ಕೆಟ್ಟೋನಾದ್ರೂ ಸಾಮಾನು ಒಳ್ಳೇದು ತತ್ತಾನೆ ಅಂತ." ಕನಕಪುರದ ಬಸ್ಸಿನಲ್ಲಿ ಕಂಡಕ್ಟರು ಅದನ್ನು ಮೇಲೆ ಇಡಲು ಹೇಳಿದಾಗ ಮುನಿಯಪ್ಪ ಜಗಳವಾಡಿ, ಊರಿನವರೆಗೂ ಮಡಿಲಲ್ಲೇ ಇಟ್ಟುಕೊಂಡು ಹೋದನಂತೆ.

ಅದೇ ಸಂಜೆ ಪ್ರತಿಮಾಳ ತಮ್ಮ ಅನಂತರಾಜು ಮಾಗಡಿಯಿಂದ ಫೋನ್ ಮಾಡಿದ. ಅಲ್ಲಿ ಅವನಿಗೆ ಗೊಬ್ಬರದ ಅಂಗಡಿ. ಹೋದ ತಿಂಗಳಷ್ಟೇ ಲ್ಯಾಪ್‌ಟಾಪು ತೆಗೆದುಕೊಂಡಿದ್ದ. ಭಾವ ಹೇಳಿಕೊಟ್ಟ ಹಾಗೆ ಪರೀಕ್ಷೆ ಮಾಡಿದ್ದ. ಐದು ಸಾವಿರದ ಇನ್ನೂರು ಬಂದಿತ್ತು.

"ಮೋಸ ಹೋದೆ ಕಣೋ ಅನಂತ" ಎಂದ ನಟರಾಜು. ಆ ದನಿಯಲ್ಲಿ ದುಃಖಕ್ಕಿಂತ ಇನ್ನೇನೋ ಜಾಸ್ತಿಯಿತ್ತು. ಈ ಬಾಮೈದ ಅಕ್ಕನ ಮದುವೆಯಾದಂದಿನಿಂದ ಭಾವನಿಗೆ ಬುದ್ಧಿ ಹೇಳುತ್ತ ಬಂದವನು. "ಅದನ್ನ ಕೊಟ್ಟು ಇನ್ನೂ ಕಮ್ಮಿದು ಹಾಕಿಸ್ಕೋ. ಸಾವಿರದ ಒಳಗೆ ಸಿಕ್ಕಿದ್ರೆ ನಿನ್ನ ಪುಣ್ಯ."

ಶನಿವಾರ ಬೆಳಗ್ಗೆ ಸಾದಿಕ್ ತಾನೇ ಬಂದ. ಎರಡು ದಿನದಿಂದ ಅವನ ಅಂಗಡಿಗೆ ಬಂದವರೆಲ್ಲ "ಇರೋದ್ರಲ್ಲಿ ಕಮ್ಮಿ ಅಂಕಿದು ತೋರಿಸಿ" ಎನ್ನುತ್ತಿದ್ದರಂತೆ. ಗಫಾರ್ ಸಾಬರೂ ಜೊತೆಗೆ ಬಂದು ಕುರ್ಚಿ ಎಳೆದುಕೊಂಡು ಪಂಚಾಯಿತಿಗೆ ಕೂತರು.

"ನಟರಾಜಣ್ಣ, ದೇವರಾಣೆ, ಹೊಸದೇ ಒಳ್ಳೇದು. ಇದು ಹದಿಮೂರನೇ ಜನರೇಶನ್ನು. ಅದು ಏಳನೇದು."

"ಹದಿಮೂರ್ ಸಲ ಮಾಡಿದ್ರೂ ಸರಿ ಬರ್ಲಿಲ್ಲ ಅಂದಂಗಾಯ್ತು."

"ಹಂಗಲ್ಲ ಅಣ್ಣ. ಇದ್ರೊಳಗೆ ಹತ್ತು ಕೋರ್ ಇದಾವೆ. ಕೆಲಸ ಮಾಡೋರು ಹತ್ತು ಜನ ಇದ್ದಂಗೆ. ಅದ್ರೊಳಗೆ ಇಬ್ರೇ."

"ನೂಲು ಬಿಚ್ಚೋ ಒಂದು ಬೇಸಿನ್ ಮುಂದೆ ಹತ್ತು ಜನ ಕೂತ್ರೆ ನೂಲು ಬತ್ತದೇನಪ್ಪ, ಜಗಳ ಬತ್ತದಾ? ನೀವೇ ಹೇಳಿ ಸಾಬ್ರೇ."

"ಜಗಳಾನೇ" ಎಂದರು ಗಫಾರ್ ಸಾಬರು, ನ್ಯಾಯ ಬಿಡದೆ.

"ಅಣ್ಣ, ಹೋಗ್ಲಿ, ಸಿರಿ ನನ್ನ ತಂಗಿ ಇದ್ದಂಗೆ. ಹೊಸದಕ್ಕೆ ಎರಡ್ ಸಾವಿರ ಕಮ್ಮಿ ಮಾಡ್ತೀನಿ."

"ನೋಡಿದ್ರಾ ಸಾಬ್ರೇ! ಬೆಲೆ ಇಳಿಸ್ತಾವ್ನೆ. ಒಳ್ಳೇ ಮಾಲಿರೋನು ಇಳಿಸ್ತಾನಾ?"

"ಆಯ್ತು ಅಣ್ಣ, ಇಳಿಸಲ್ಲ."

"ನೋಡಿದ್ರಾ! ಈಗ ಹಟ ಹಿಡಿದ."

ಸಾದಿಕ್ ಮೇಲೆ ನೋಡಿದ, ಕೆಳಗೆ ನೋಡಿದ, ಕೊನೆಗೆ ಬಾಗಿಲಲ್ಲಿ ನಿಂತಿದ್ದ ಪ್ರತಿಮಾಳ ಕಡೆ ನೋಡಿದ. ಅಂಗಡಿಯವರ ಕಣ್ಣನ್ನು ಅನುಮಾನದಿಂದ ನೋಡುವುದು ಅವಳಿಗೂ ಅಭ್ಯಾಸ. ಸೀರೆ ಅಂಗಡಿಯವನ ಕಣ್ಣು, ಒಡವೆ ಅಂಗಡಿಯವನ ಕಣ್ಣು, ಎಲ್ಲ ಅವಳಿಗೆ ಗೊತ್ತು. ಈ ಕಣ್ಣಿನಲ್ಲಿ ಅದು ಇರಲಿಲ್ಲ. ಇದು ಮಳೆ ಬರುತ್ತದೆ ಎಂದು ಹೇಳಿ ಹೇಳಿ ಸಾಕಾಗಿ, ತಾನೇ ನೆನೆದವನ ಕಣ್ಣು.

ನಟರಾಜು ತೀರ್ಮಾನ ಹೇಳಿದ. ಹಳೆಯದು ಸಿರಿಗೆ. ಹೊಸದನ್ನು ಸಾದಿಕ್ ಕೈಗೆ ಕೊಡದೆ, ಸಂಜೆ ತಾನೇ ಅಂಗಡಿಗೆ ಒಯ್ದು ರಸೀದಿ ಪಡೆದು ವಾಪಸ್ ಕೊಡುವುದು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಬಳಸಿದ್ದೀರಿ, ಕೊಂಡುಕೊಳ್ಳಿ ಎಂದುಬಿಡುತ್ತಾರೆ. ಅದನ್ನು ನೂಲಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆಮೇಲೆ ಮಾರ್ಕೆಟ್ಟಿಗೆ ಹೋದ.

ಸಿರಿ ಹಳೆಯದನ್ನು ತೆಗೆದುಕೊಂಡು ರೂಮಿಗೆ ಹೋದಳು. ಹತ್ತು ಗಂಟೆಗೆ ಹುಳುವಿನ ಚಿತ್ರ ಶುರು ಮಾಡಿದಳು. ಹತ್ತೂವರೆಗೆ ಪ್ರತಿಮಾ ಹೋಗಿ ನೋಡಿದಾಗ ಹನ್ನೆರಡು ಚಿತ್ರ ಮುಗಿದಿದ್ದವು. ಪರದೆಯ ಮೂಲೆಯಲ್ಲಿ ಅದು ಹೇಳುತ್ತಿತ್ತು: ಇನ್ನು ನಲವತ್ತೊಂದು ಗಂಟೆ.

"ನಾಳೆ ಸಂಜೆಗೆ ಎಷ್ಟು ಗಂಟೆ ಇದೆ?"

"ಮೂವತ್ತೊಂದೂವರೆ" ಎಂದಳು ಸಿರಿ. ಅವಳು ಅಳುತ್ತಿರಲಿಲ್ಲ. ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಿದ್ದಳು. "ಬೀರುವಲ್ಲಿ ಇರೋದು ಆರು ಗಂಟೇಲಿ ಮುಗಿಸತ್ತಮ್ಮ. ನಾನು ಹೇಳಿದ್ರೆ ಅಪ್ಪ ಸಾದಿಕ್ ಹೇಳಿಕೊಟ್ಟ ಅಂತಾರೆ. ಸಾದಿಕ್ ಹೇಳಿದ್ರೆ ಮೋಸ ಅಂತಾರೆ. ಇನ್ಯಾರು ಹೇಳಬೇಕು?"

ಪ್ರತಿಮಾ ಪರದೆಯನ್ನು ನೋಡಿದಳು. ಮರದ ಹುಳು ಅರ್ಧ ತಲೆ ಎತ್ತಿ ನಿಂತುಬಿಟ್ಟಿತ್ತು. ಈ ಸೀಟು ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷದೊಳಗೆ ತಿಪ್ಪಸಂದ್ರದಲ್ಲಿರುವ ತನ್ನ ತಾಯಿ ಮೊಮ್ಮಗಳಿಗೆ ಎಷ್ಟು ಗಂಡುಗಳ ಜಾತಕ ತರಬಹುದು ಎಂದೂ ಅವಳಿಗೆ ಅಂದಾಜಿತ್ತು.

"ಗಂಟೆಗಳ ಲೆಕ್ಕದಲ್ಲಿ ಕಡಿಮೆ ಬಂದ್ರೆ ಒಳ್ಳೇದು, ಅಲ್ವಾ?" ಎಂದು ಕೇಳಿದಳು.

"ಹ್ಞೂಂ. ಟೈಮ್ ಅಲ್ವಾ."

"ಸರಿ. ಇಪ್ಪತ್ತು ಚಿತ್ರ ಬಿಡಿಸೋಕೆ ಇದಕ್ಕೆ ಎಷ್ಟು ಹೊತ್ತು?"

"ಐವತ್ತು ನಿಮಿಷ. ಅದಕ್ಕಾದ್ರೆ ಏಳು."

"ಏಳು" ಎಂದಳು ಪ್ರತಿಮಾ. ರೀಲರನ ಹೆಂಡತಿಯಾಗಿ ಇಪ್ಪತ್ತು ವರ್ಷ ಕಳೆದವಳಿಗೆ ಆ ಅಂಕಿಯ ಬೆಲೆ ಗೊತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎರಡನೆಯ ಸಲ ಸಾರು ಬಡಿಸುವಾಗ ಮಾತು ತೆಗೆದಳು. "ಬೀದಿಯವರು ಏನೋ ಅಂತಿದ್ರು."

ನಟರಾಜುವಿನ ಕೈ ತಟ್ಟೆಯಲ್ಲೇ ನಿಂತಿತು. "ಏನಂತೆ?"

"ಬಿಡಿ, ಊಟ ಮಾಡಿ."

"ಏನಂತೆ ಹೇಳೇ."

"ಯಾವುದು ಹೊಸದು, ಯಾವುದು ಹಳೇದು ಅಂತ ನೋಡ್ಕೊಂಡೇ ಪರೀಕ್ಷೆ ಮಾಡಿದ್ರಲ್ಲ ನೀವು. ಮಾರ್ಕೆಟ್ಟಲ್ಲಿ ಹಂಗೆ ಮಾಡ್ತಾರಾ? ಗೂಡಿನ ಲಾಟಿಗೆ ಬರೀ ನಂಬರ್ ಚೀಟಿ ಹಾಕಿರ್ತಾರೆ, ರೈತನ ಹೆಸರು ಇರಲ್ಲ ಅಂತ ನೀವೇ ಹೇಳ್ತಿದ್ರಿ. ನಾಳೆ ಸಾದಿಕ್ ಅದನ್ನೇ ಹಿಡ್ಕೊಂಡ್ರೆ?"

ನಟರಾಜು ಕೈ ತೊಳೆದ. ಅನುಮಾನವನ್ನು ಅನುಮಾನದಿಂದಲೇ ಎಬ್ಬಿಸಬೇಕು. ಅದು ಎದ್ದು ಕೂತಿತ್ತು. "ಹಿಡ್ಕತಾನೆ" ಎಂದ. "ಅವ್ನು ಹಿಡ್ಕಳ್ಳೋ ಜಾತಿನೇ. ಸಾಬ್ರನ್ನ ಕರೀ."

ಪರೀಕ್ಷೆ ಮಾರ್ಕೆಟ್ಟಿನ ಶಿಸ್ತಿನಲ್ಲಿ ನಡೆಯಿತು. ಬೀಗ ತೆಗೆದು ಎರಡನ್ನೂ ಸಿರಿಯ ರೂಮಿನಲ್ಲಿಟ್ಟರು. ಯಾವುದಕ್ಕೆ ಒಂದು, ಯಾವುದಕ್ಕೆ ಎರಡು ಎನ್ನುವ ಚೀಟಿಯನ್ನು ಗಫಾರ್ ಸಾಬರೇ ಒಳಗೆ ಹೋಗಿ ಅಂಟಿಸಿ, ಮೇಲೆ ಟವಲು ಹೊದಿಸಿ, ಬಾಯಿ ಮುಚ್ಚಿಕೊಂಡು ಬಂದು ಹೊರಗೆ ಕೂತರು. ಸಿರಿ ಒಳಗೆ. ಪ್ರತಿಮಾ ಬಾಗಿಲಲ್ಲಿ. ಎರಡಕ್ಕೂ ಒಂದೇ ಕೆಲಸ, ಇಪ್ಪತ್ತು ಚಿತ್ರ. ಎರಡರ ಅಂಕಿಯನ್ನೂ ಒಟ್ಟಿಗೆ ಹೊರಗೆ ಕೊಡಬೇಕು. ಯಾವ ಅಂಕಿ ಎನ್ನುವುದನ್ನು ಯಾರೂ ಕೇಳಲಿಲ್ಲ, ಪ್ರತಿಮಾ ಹೇಳಲಿಲ್ಲ.

ಅರ್ಧ ಗಂಟೆಯಾದ ಮೇಲೆ ಗಫಾರ್ ಸಾಬರು ಕೇಳಿದರು: "ಯಾಕೆ ಇಷ್ಟೊತ್ತು?"

"ಗೂಡು ಬೇಯ್ಬೇಡ್ವಾ ಸಾಬ್ರೇ" ಎಂದ ನಟರಾಜು.

ಐವತ್ತು ನಿಮಿಷಕ್ಕೆ ಸರಿಯಾಗಿ ಸಿರಿ ಬಾಗಿಲ ಸಂದಿಯಿಂದ ಕಾಗದ ಕೊಟ್ಟಳು. ಪ್ರತಿಮಾ ಅದನ್ನು ಓದಿದಳು. "ಒಂದನೇ ಲಾಟು, ಐವತ್ತು. ಎರಡನೇ ಲಾಟು, ಏಳು."

"ಏಳು!" ನಟರಾಜು ತೊಡೆ ತಟ್ಟಿಕೊಂಡ. ತಟ್ಟಿದ ಕೈ ಅಲ್ಲೇ ನಿಂತಿತು. "ಇದೇನು, ಮೊನ್ನೆ ಸಾವಿರದ ಲೆಕ್ಕದಲ್ಲಿ ಬಂದಿತ್ತು?"

ಪ್ರತಿಮಾ ಕಾಗದವನ್ನು ಮಡಚಿದಳು. "ಮೊನ್ನೆದು ಇಂಟರ್‌ನೆಟ್‌ನೋರು ಮಾಡಿದ ಪರೀಕ್ಷೆ" ಎಂದಳು. "ಇದು ನಮ್ಮ ಮನೇದು."

"ಅದಕ್ಕೇ ಸರಿಯಾಗಿ ಬಂದೈತೆ! ಏಳು ಅಂದ್ರೆ ಮಾಲು ಸಾಬ್ರೇ. ಸಿರಿ, ಎರಡನೇದೇ ನಿಂದು. ತೆಗಿ ಟವಲು."

ಸಿರಿ ಟವಲು ತೆಗೆದಳು. ಎರಡನೆಯ ಚೀಟಿ ಹೊಸದರ ಮೇಲಿತ್ತು.

ನಟರಾಜು ಚೀಟಿ ನೋಡಿದ, ಲ್ಯಾಪ್‌ಟಾಪು ನೋಡಿದ, ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಮೂರು ದಿನದಿಂದ ಬೀದಿಗೆಲ್ಲ ಹೇಳಿದ ಮಾತು ಅವನ ಮುಖದ ಮೇಲೆ ಒಂದೊಂದಾಗಿ ಬಂದುಹೋಯಿತು. ಪ್ರತಿಮಾ ಕಣ್ಣು ತಗ್ಗಿಸಿದಳು. ಇನ್ನು ಇವನು ಎರಡೂ ಲ್ಯಾಪ್‌ಟಾಪನ್ನು ಬೀದಿಗೆ ಎಸೆದು ರಂಪ ಮಾಡುತ್ತಾನೆ ಎಂದುಕೊಂಡಳು.

ನಟರಾಜು ನಕ್ಕ. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಸಾಬ್ರೇ! ನಿಮ್ಮ ತಂಗಿ ಮಗ ಎಂಥಾ ಖಿಲಾಡಿ ಗೊತ್ತಾ? ಹೊಗಳಿದ್ನ ನಾನು ಮುಟ್ಟಕಿಲ್ಲ ಅಂತ ಅವ್ನಿಗೆ ಗೊತ್ತು. ಅದಕ್ಕೇ ಒಳ್ಳೇದ್ನೇ ಹೊಗಳಿದ! ನಾನು ಬ್ಯಾಡ ಅಂದು ಬುಟ್ರೆ ಬೇರೆ ಗಿರಾಕಿಗೆ ಕೊಡಣ ಅಂತ! ಮೊನ್ನೆ ಪರೀಕ್ಷೆ ಅಂಕಿನೂ ಅವ್ನೇ ತಿರುಗಾ ಮುರುಗಾ ಮಾಡವ್ನೆ, ನೋಡ್ಕಳಿ!"

ಗಫಾರ್ ಸಾಬರು ಗಡ್ಡ ನೀವಿಕೊಂಡರು. "ನಮ್ಮ ಸಾದಿಕ್? ಅಷ್ಟು ಬುದ್ಧಿವಂತನಾ?" ಎಂದರು. ಅನುಮಾನದ ಮಾತೇ, ಆದರೆ ಹೇಳುವಾಗ ಅವರ ಮುಖ ಅರಳಿತ್ತು.

ಸಿರಿ ಯಾವ ಮಾತಿಗೂ ಕಾಯದೆ ಬಾಗಿಲು ಹಾಕಿಕೊಂಡು ಕೆಲಸ ಶುರು ಮಾಡಿದಳು. ಸಾದಿಕ್‌ನನ್ನು ಕರೆಸಿದರು. ಆಪಾದನೆಯನ್ನೆಲ್ಲ ಕೇಳಿದ ಮೇಲೆ ಅವನು "ನಟರಾಜಣ್ಣ, ನಾನು ಮೊದಲಿಂದ ಅದನ್ನೇ..." ಎಂದು ಬಾಯಿ ತೆಗೆದ. ಅಷ್ಟರಲ್ಲಿ ಪ್ರತಿಮಾ ಕಾಫಿ ಲೋಟವನ್ನು ಅವನ ಕೈಗೆ ತುರುಕಿದಳು. ಬಿಸಿ ಲೋಟ, ಬಿಡುವಂತಿಲ್ಲ. ಅವಳ ಕಣ್ಣನ್ನು ನೋಡಿದ. ವ್ಯಾಪಾರಿಯ ಮಗ, ಅರ್ಥವಾಯಿತು.

"ಸಿಕ್ಕಿಬಿದ್ದೆ ಅಣ್ಣ" ಎಂದ ಸಾದಿಕ್. "ನಿಮ್ಮ ಕೈಲಿ ಏನ್ ಮುಚ್ಚಿಡೋಕಾಗತ್ತೆ."

"ಮೊದಲೇ ಒಪ್ಕಂಡಿದ್ರೆ ಇಷ್ಟೆಲ್ಲ ಆಯ್ತಿತ್ತಾ?" ಎಂದು ನಟರಾಜು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಹಳೆಯದನ್ನು ಅವನ ಚೀಲಕ್ಕೆ ಹಾಕಿ ಕೊಟ್ಟ.

ಚಿತ್ರ ರಾತ್ರಿ ಒಂಬತ್ತೂವರೆಗೆ ಮುಗಿಯಿತು. ಭಾನುವಾರ ಬೆಳಗ್ಗೆ ಸಿರಿ ಅದನ್ನು ಮೂರು ಸಲ ನೋಡಿ ಕಳಿಸಿದಳು. ಮರದ ಹುಳು ನಲವತ್ತು ಸೆಕೆಂಡು ತೆವಳಿ, ಹಿಪ್ಪುನೇರಳೆ ಎಲೆಯ ಅಂಚಿಗೆ ಬಂದು, ತಲೆ ಎತ್ತಿ ಸುತ್ತ ನೋಡಿತು. ತುಂಬ ಅನುಮಾನದ ಹುಳು ಎಂದು ಪ್ರತಿಮಾಳಿಗೆ ಅನ್ನಿಸಿತು. ಯಾರ ಮುಖ ನೋಡಿ ಬಿಡಿಸಿದ್ದಾಳೆ ಎಂದು ಕೇಳಲಿಲ್ಲ.

ಸಂಜೆ ಅವಳ ಮೊಬೈಲಿಗೆ ಅನಂತರಾಜುವಿನ ಫೋನ್ ಬಂತು.

"ಅಕ್ಕ, ನಾಳೆ ಬೆಳಗ್ಗೆನೇ ಲ್ಯಾಪ್‌ಟಾಪ್ ಬದಲಾಯಿಸ್ತಿದ್ದೀನಿ. ಒಬ್ಬ ಸಿಕ್ಕಿದ್ದಾನೆ, ಅವನ ಹತ್ರ ಇರೋದ್ರ ಅಂಕಿ ಎಂಟುನೂರಂತೆ! ನನ್ನದನ್ನ ತಗೊಂಡು, ಮೇಲೆ ಬರೀ ಐದು ಸಾವಿರ ರೂಪಾಯಿ ಕೇಳ್ತಾನೆ. ಭಾವ ಏನಂತಾರೆ ಕೇಳು."

ಪ್ರತಿಮಾ ಗೋಡೆಗೆ ಒರಗಿದಳು. ನಿಜ ಹೇಳಿದರೆ ಅವನ ಲ್ಯಾಪ್‌ಟಾಪು ಉಳಿಯುತ್ತದೆ. ಆದರೆ ಬೆಳಗಾಗುವುದರೊಳಗೆ ಮಾಗಡಿ, ತಿಪ್ಪಸಂದ್ರ, ಎರಡೂ ಕಡೆಯ ನೆಂಟರು, ಎಲ್ಲರಿಗೂ ಭಾವನ ಕತೆ ತಲುಪುತ್ತದೆ. ಅಲ್ಲಿಂದ ಅದು ಗೂಡಿನ ಚೀಲ ಹತ್ತಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಬಂದು ಇಳಿಯಲು ಒಂದೇ ಬಸ್ಸು. ಸುಮ್ಮನಿದ್ದರೆ ತಮ್ಮ ಕೆಡುತ್ತಾನೆ.

"ಅನಂತ" ಎಂದಳು, ದನಿ ತಗ್ಗಿಸಿ. "ನಿನ್ನದನ್ನ ಬದಲಾಯಿಸ್ಬೇಡ. ಹಂಗೇ ಇಟ್ಕೋ. ನಿಮ್ಮ ಭಾವನೇ ಹೇಳಿದ್ದು."

"ಯಾಕಂತೆ?"

"ಯಾಕೆ ಅಂತ ಯಾರಿಗೂ ಹೇಳ್ಬಾರ್ದು ಅಂದಿದ್ದಾರೆ."

ಅನಂತರಾಜುವಿನ ದನಿಯೂ ಪಿಸುಮಾತಾಯಿತು. "ಅರ್ಥವಾಯ್ತು ಅಕ್ಕ. ಏನೋ ಒಳಗಿನ ಸುದ್ದಿ ಇದೆ. ಮುಟ್ಟಲ್ಲ ಬಿಡು." ಹೇಳಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದವನು, ಹೇಳದೇ ಇದ್ದದ್ದಕ್ಕೆ ಒಂದೇ ಮಾತಿಗೆ ನಂಬಿ ಫೋನಿಟ್ಟ.

ತಿರುಗಿ ನೋಡಿದರೆ ನಟರಾಜು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಪ್ರತಿಮಾ."

"ಏನ್ರೀ?"

"ನೆನ್ನೆ ಒಂದು ಐವತ್ತು, ಒಂದು ಏಳು ಅಂತ ಓದಿದ್ಯಲ್ಲ. ನಾವು ಹೊರಗೆ ಕಾಯ್ತಾ ಕೂತಿದ್ದೂ ಐವತ್ತು ನಿಮಿಷಾನೇ. ಗಡಿಯಾರ ನೋಡಿದ್ದೆ ನಾನು."

ಪ್ರತಿಮಾ ಸೆರಗಿನಿಂದ ಮೊಬೈಲಿನ ಗಾಜು ಒರೆಸಿದಳು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ.

"ಹೌದಾ?" ಎಂದಳು.

"ಹ್ಞೂಂ." ಅವನು ಬೀದಿಯ ಕಡೆ ನೋಡಿದ. ಎದುರಿನ ಜಗುಲಿಯಲ್ಲಿ ಗಫಾರ್ ಸಾಬರು ಇಬ್ಬರು ರೀಲರುಗಳನ್ನು ಕೂರಿಸಿಕೊಂಡು, ನಟರಾಜು ತಮ್ಮ ಸೋದರಳಿಯನ ಜಾಣತನವನ್ನು ಬಯಲು ಮಾಡಿದ ಕತೆ ಹೇಳುತ್ತಿದ್ದರು. ಅವರು ಕೈಯೆತ್ತಿ ಇವನಿಗೆ ಸಲಾಮು ಮಾಡಿದರು. ಇವನೂ ಕೈಯೆತ್ತಿದ. ಕೈ ಕೆಳಗಿಳಿಸುತ್ತ, ಹೆಂಡತಿಯ ಮುಖ ನೋಡದೆ ಕೇಳಿದ. "ಏಳು ಕಮ್ಮಿನೇ ಅಲ್ವಾ?"

"ಕಮ್ಮಿನೇ" ಎಂದಳು ಪ್ರತಿಮಾ.

"ಹಂಗಾದ್ರೆ ಸರಿ."

ಅವನು ಚಪ್ಪಲಿ ಮೆಟ್ಟಿಕೊಂಡು ಸಾಬರ ಜಗುಲಿಗೆ ಹೋದ. ನಡೆಯುವಾಗ ಒಂದು ಸಲ ನಿಂತು ಕತ್ತಿನ ಹಿಂಭಾಗ ಕೆರೆದುಕೊಂಡ, ಮತ್ತೆ ನಡೆದ. ಅವನಿಗೆ ಗೊತ್ತಾಗಿದೆಯೋ ಇಲ್ಲವೋ ಪ್ರತಿಮಾಳಿಗೆ ತಿಳಿಯಲಿಲ್ಲ. ಕೇಳಿದರೆ ತಿಳಿಯುತ್ತಿತ್ತು. ಕೇಳಬೇಕಾದರೆ ಮೊದಲು ಹೇಳಬೇಕಾಗಿತ್ತು. ಅವಳು ಅಡುಗೆಮನೆಗೆ ಹೋಗಿ ರಾತ್ರಿಯ ಮುದ್ದೆಗೆ ನೀರಿಟ್ಟಳು. ತಮ್ಮನಿಗಿಲ್ಲ, ತಾಯಿಗಿಲ್ಲ, ವರಲಕ್ಷ್ಮಮ್ಮನಿಗಂತೂ ಇಲ್ಲವೇ ಇಲ್ಲ. ಈ ಮನೆಯ ಲ್ಯಾಪ್‌ಟಾಪು ಹೇಗೆ ಬಂತು ಎನ್ನುವುದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು. ಗಂಡ ತಾನಾಗಿ ಕೇಳಿದರೂ ಅಷ್ಟೇ.